ಹವಳ ಸತ್ತ ಜಾಗ ಯಾರ ಪಾಲಾಗುತ್ತದೆ?

ಲಕ್ಷದ್ವೀಪದಲ್ಲಿ ಜೀವಂತ ಹವಳ 24 ವರ್ಷಗಳಲ್ಲಿ ಅರ್ಧಕ್ಕೆ ಇಳಿದಿದೆ ಎಂಬ ಸುದ್ದಿ 2025ರಲ್ಲಿ ಪತ್ರಿಕೆಗಳಲ್ಲಿ ಬಂತು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಅಗತ್ತಿ, ಕಡಮತ್, ಕವರತ್ತಿ ದ್ವೀಪಗಳ ಸುತ್ತ ಮಾಡುತ್ತ ಬಂದ ಅಳತೆ ಅದು. 1998ರಲ್ಲಿ ಕಡಲತಳದ ಸುಮಾರು ಶೇ. 37ರಷ್ಟು ಭಾಗದಲ್ಲಿ ಜೀವಂತ ಹವಳವಿತ್ತು. 2022ರ ಹೊತ್ತಿಗೆ ಉಳಿದದ್ದು ಸುಮಾರು ಶೇ. 19.

ಇಷ್ಟು ಅರ್ಥವಾಗುತ್ತದೆ. ಗೊಂದಲ ಶುರುವಾಗುವುದು ಕಾರಣ ಹೇಳುವಲ್ಲಿ. ಒಳಗಿನ ಪಾಚಿ ಹೊರಟುಹೋದದ್ದರಿಂದ ಹವಳ ಬಿಳಿಚಿತು ಎನ್ನುತ್ತದೆ ಒಂದು ವರದಿ. ಸತ್ತ ಹವಳದ ಮೇಲೆ ಪಾಚಿ ಹಬ್ಬಿದ್ದರಿಂದ ಹೊಸ ಹವಳ ಹುಟ್ಟುತ್ತಿಲ್ಲ ಎನ್ನುತ್ತದೆ ಇನ್ನೊಂದು. ಪಾಚಿ ಇದ್ದಲ್ಲಿಯೇ ಹವಳದ ಮರಿ ನೆಲೆಯೂರುತ್ತದೆ ಎನ್ನುತ್ತದೆ ಮತ್ತೊಂದು. ಪಾಚಿ ಹೋದರೂ ಕೇಡು, ಬಂದರೂ ಕೇಡು, ಇದ್ದರೆ ಒಳ್ಳೆಯದು ಎಂದರೆ ಓದುಗ ಏನೆಂದು ತಿಳಿಯಬೇಕು? ಮೂರೂ ಮಾತು ನಿಜ. ಆದರೆ ಮೂರರಲ್ಲೂ ಬರುವ ಪಾಚಿ ಬೇರೆ ಬೇರೆ. ಈ ಮೂರನ್ನು ಬಿಡಿಸಿ ನೋಡದೆ ಲಕ್ಷದ್ವೀಪದ ಕಡಲತಳದಲ್ಲಿ ಆಗುತ್ತಿರುವುದು ತಿಳಿಯುವುದಿಲ್ಲ.

ಒಂದು ಕಾಲಕ್ಕೆ ಒಂದೇ ಜಿಲ್ಲೆ

ಕಾಸರಗೋಡಿನವರಿಗೆ ಇದು ಪರರಾಜ್ಯದ ಸುದ್ದಿಯಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಸೇರಿದ ಅಮಿನದೀವಿ ದ್ವೀಪಗಳು ಕಾಸರಗೋಡು ತಾಲೂಕಿನ ಹಾಗೆಯೇ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರಂದು, ಒಂದೇ ದಿನ, ಕಾಸರಗೋಡು ಕೇರಳಕ್ಕೆ ಹೋಯಿತು, ದ್ವೀಪಗಳು ಕೇಂದ್ರದ ಆಡಳಿತಕ್ಕೆ ಹೋದವು. ಅದಕ್ಕೂ ಮೊದಲು ದ್ವೀಪದ ತೆಂಗಿನ ನಾರು ಮಂಗಳೂರು ಬಂದರಿಗೆ ಬಂದು ಅಕ್ಕಿಯಾಗಿ ಹಿಂದಿರುಗುತ್ತಿತ್ತು. ಗಡಿ ಬದಲಾದರೂ ಕಡಲು ಅದೇ. ಅಲ್ಲಿ ನೀರು ಕಾದ ವರ್ಷ ಇಲ್ಲಿಯೂ ಕಾಯುತ್ತದೆ.

ಒಂದೇ ಹೆಸರಿನ ಮೂರು ಜೀವಿ

ಮೊದಲನೆಯದು ಹವಳವೆಂಬ ಪ್ರಾಣಿಯ ಮೈಯೊಳಗೇ ಇರುವ, ಕಣ್ಣಿಗೆ ಕಾಣದ ಏಕಕೋಶದ ಪಾಚಿ. ಬಿಸಿಲು ಹೀರಿ ಸಕ್ಕರೆ ಮಾಡಿ ಹವಳಕ್ಕೆ ಉಣಿಸುವುದು ಅದು. ಹವಳದ ಬಣ್ಣದಲ್ಲಿ ಹೆಚ್ಚಿನ ಪಾಲೂ ಅದರದ್ದೇ. ನೀರು ಬೇಸಗೆಯ ಮಾಮೂಲಿ ಬಿಸಿಗಿಂತ ಒಂದು ಡಿಗ್ರಿ ಹೆಚ್ಚು ಕಾದು ಕೆಲವು ವಾರ ಹಾಗೆಯೇ ಉಳಿದರೆ ಈ ಸಂಸಾರ ಮುರಿಯುತ್ತದೆ. ಹವಳ ಪಾಚಿಯನ್ನು ಹೊರಹಾಕುತ್ತದೆ, ಬಿಳಿಚುತ್ತದೆ. ಬಿಸಿ ಬೇಗ ಇಳಿದರೆ ಬದುಕೀತು, ಇಳಿಯದಿದ್ದರೆ ಹಸಿವಿನಿಂದ ಸಾಯುತ್ತದೆ.

ಎರಡನೆಯದು ಸತ್ತ ಹವಳದ ಮೇಲೆ ಕೆಲವೇ ದಿನಗಳಲ್ಲಿ ಹಬ್ಬುವ ಮೆತ್ತನೆಯ ಪಾಚಿ. ಗಿಡ್ಡಗಿದ್ದರೆ ಕುರುಚಲು ಪಾಚಿ, ಎಲೆ ಬಿಟ್ಟು ಎತ್ತರಕ್ಕೆ ಬೆಳೆದರೆ ಎಲೆಪಾಚಿ ಎನ್ನೋಣ. ಇದು ಮಣ್ಣುಮಸಿ ಹಿಡಿದಿಟ್ಟುಕೊಳ್ಳುತ್ತದೆ. ಹವಳದ ಮರಿಗೆ ಇದರ ಮೇಲೆ ಹಿಡಿತ ಸಿಗುವುದಿಲ್ಲ.

ಮೂರನೆಯದೇ ಈ ಲೇಖನದ ವಿಷಯ. ಕ್ರಸ್ಟೋಸ್ ಕೊರಲೈನ್ ಆಲ್ಗೆ ಎಂಬುದು ಅದರ ವಿಜ್ಞಾನದ ಹೆಸರು, ಇಲ್ಲಿ ಕಲ್ಲುಪಾಚಿ ಎಂದು ಕರೆಯೋಣ. ಮಸಾಲೆಗೆ ಹಾಕುವ ಕಲ್ಲುಹೂವು ಮೂಲದಲ್ಲಿ ಬಂಡೆಗೆ, ಮರಕ್ಕೆ ಅಂಟಿಕೊಂಡಿರುವಂತೆ ಇದೂ ಕಲ್ಲಿಗೆ ಅಂಟಿ ಹರಡುತ್ತದೆ. ಆದರೆ ಇದು ಕೆಂಪು ಪಾಚಿಗಳ ಕುಲದ್ದು. ಬಣ್ಣ ಗುಲಾಬಿ ಅಥವಾ ನೇರಳೆ. ಮುಟ್ಟಿದರೆ ಗಾರೆಯಂತೆ ಗಟ್ಟಿ, ಏಕೆಂದರೆ ಅದರ ಕೋಶಗಳ ಗೋಡೆಯಲ್ಲೇ ಸುಣ್ಣ ತುಂಬಿರುತ್ತದೆ. ಇದು ಗಿಡವೋ ಪ್ರಾಣಿಯೋ ಎಂದು ಪಂಡಿತರೇ ಬಹುಕಾಲ ತಡಕಾಡಿದರು. ಲಿನೇಯಸ್ ಇಂಥವನ್ನು ಪ್ರಾಣಿಗಳ ಸಾಲಿಗೆ ಸೇರಿಸಿದ್ದ. ಇವು ಸಸ್ಯಗಳೇ ಎಂದು 1837ರಲ್ಲಿ ಖಚಿತಪಡಿಸಿದವನು ಜರ್ಮನಿಯ ಫಿಲಿಪ್ಪಿ. ಲಕ್ಷದ್ವೀಪ ಮತ್ತು ಮಾಲ್ಡೀವ್ಸ್‌ನ ಕಲ್ಲುಪಾಚಿಗಳಿಗೂ ಹಳೆಯ ದಾಖಲೆಯಿದೆ. 1899–1900ರಲ್ಲಿ ಸ್ಟಾನ್ಲಿ ಗಾರ್ಡಿನರ್ ತಂಡ ಸಂಗ್ರಹಿಸಿ ಒಯ್ದ ಮಾದರಿಗಳನ್ನು ನಾರ್ವೆಯ ಫೋಸ್ಲಿ 1903ರಲ್ಲಿ ವಿವರಿಸಿದ್ದಾನೆ.

ಬೆಳವಣಿಗೆ ಬಲು ನಿಧಾನ, ಬಹಳ ಜಾತಿಗಳದ್ದು ವರ್ಷಕ್ಕೆ ಕೆಲವೇ ಮಿಲಿಮೀಟರ್. ಆದರೆ ಸಹನೆ ದೊಡ್ಡದು. ಬಹಾಮಾಸ್ ಬಳಿ 268 ಮೀಟರ್ ಆಳದಲ್ಲಿ, ಬಿಸಿಲು ಇಲ್ಲವೆನ್ನುವಷ್ಟು ಕ್ಷೀಣಿಸಿದ ಕತ್ತಲಲ್ಲೂ ಕಲ್ಲುಪಾಚಿ ಸಿಕ್ಕಿದೆ. ಅಲೆ ಬಂದು ಅಪ್ಪಳಿಸುವ ಅಂಚಿನಲ್ಲಿ ಇದು ಮಾಡುವ ಕೆಲಸವನ್ನು ಬೇರೆ ಜೀವಿ ಮಾಡಲಾರದು. ಮುರಿದ ಹವಳದ ತುಂಡುಗಳ ಮೇಲೂ ನಡುವೆಯೂ ಹರಡಿ, ಬಿಡಿ ಕಲ್ಲುಗಳನ್ನು ಒಂದೇ ಗೋಡೆಯಾಗಿ ಬೆಸೆಯುತ್ತದೆ. ಹವಳ ಇಟ್ಟಿಗೆಯಾದರೆ ಗಾರೆ ಇದು.

ಹವಳದ ಮರಿಗೆ ದಾರಿ ತೋರಿಸುವುದೂ ಇದೇ. ರಾಗಿಕಾಳಿಗಿಂತ ಚಿಕ್ಕದಾದ ಆ ಮರಿ ಕೆಲವು ದಿನ ನೀರಿನಲ್ಲಿ ತೇಲಿ, ಜೀವಮಾನವೆಲ್ಲ ಕೂರಬೇಕಾದ ಜಾಗವನ್ನು ಹುಡುಕುತ್ತದೆ. ಒಮ್ಮೆ ಕೂತರೆ ಏಳುವಂತಿಲ್ಲ. ಕಲ್ಲುಪಾಚಿಯ ಮೈಮೇಲಿನ ಬ್ಯಾಕ್ಟೀರಿಯಾ ಹೊರಬಿಡುವ ಟೆಟ್ರಾಬ್ರೋಮೋಪೈರೋಲ್ ಎಂಬ ರಾಸಾಯನಿಕ ಹವಳದ ಮರಿಯನ್ನು ರೂಪಾಂತರಕ್ಕೆ ಹೊರಡಿಸುತ್ತದೆ ಎಂದು 2011ರಲ್ಲಿ ಗೊತ್ತಾಯಿತು. ಕಲ್ಲುಪಾಚಿಯದೇ ಕೆಲವು ರಾಸಾಯನಿಕಗಳೂ ಇದೇ ಕರೆ ಕೊಡುತ್ತವೆ. ಗುಲಾಬಿ ಕಲ್ಲು ಇಲ್ಲದಿದ್ದರೆ ಮರಿಗೆ ಕರೆಯೇ ಕೇಳಿಸದು.

ಅಂಚಿನಲ್ಲಿ ನಡೆಯುವ ಜಗಳ

ಬಂಡೆಯ ಮೇಲೆ ಬದುಕುವವರಿಗೆ ಜಾಗವೇ ಆಸ್ತಿ. ಇದನ್ನು ಕಾಸರಗೋಡಿನಲ್ಲಿ ಬಿಡಿಸಿ ಹೇಳಬೇಕಿಲ್ಲ. ನಾವು ಪಚ್ಚಿಲೆ ಎನ್ನುವ, ಮಲಯಾಳಿಗರು ಕಲ್ಲುಮ್ಮಕ್ಕಾಯ ಎನ್ನುವ ಚಿಪ್ಪು ಬಂಡೆಯ ಮೇಲೆ ಒಂದಕ್ಕೊಂದು ಒತ್ತಿಕೊಂಡು ಕೂರುವುದನ್ನು ಕಂಡವರಿಗೆ ಇಂಚಿಂಚಿಗೂ ಪೈಪೋಟಿಯಿದೆ ಎಂದು ಗೊತ್ತು. ಪಡನ್ನ, ಚೆರುವತ್ತೂರು ಕಡೆಯ ಹಿನ್ನೀರಿನಲ್ಲಿ ಪಚ್ಚಿಲೆ ಕೃಷಿ ಮಾಡುವವರು ಹಗ್ಗ ಇಳಿಬಿಡುವುದೂ ಒಂದರ್ಥದಲ್ಲಿ ಹೊಸ ಜಾಗ ಸೃಷ್ಟಿಸುವುದೇ.

ಕಲ್ಲುಪಾಚಿಗಳ ನಡುವೆಯೂ ಜಗಳವಿದೆ. ಎರಡು ಜಾತಿಗಳು ಹರಡುತ್ತ ಬಂದು ಎದುರುಬದುರಾದಾಗ ಒಂದರ ಅಂಚು ಇನ್ನೊಂದರ ಮೇಲೆ ಹತ್ತುತ್ತದೆ. ಕೆಳಗೆ ಸಿಕ್ಕಿದ್ದಕ್ಕೆ ಬಿಸಿಲಿಲ್ಲ. ಇದನ್ನು ವರ್ಷಗಟ್ಟಲೆ ಕಾದು ನೋಡಿದವರು ಅಮೆರಿಕದ ಪರಿಸರ ವಿಜ್ಞಾನಿ ರಾಬರ್ಟ್ ಪೇನ್. ಒಂದು ಜೀವಿಯನ್ನು ತೆಗೆದರೆ ಇಡೀ ಸಮುದಾಯ ಕುಸಿಯುವುದಾದರೆ ಅದನ್ನು 'ಕೀಲಿಗಲ್ಲು ಪ್ರಭೇದ' ಎನ್ನಬೇಕೆಂದು 1969ರಲ್ಲಿ ಹೆಸರು ಕೊಟ್ಟವರೂ ಅವರೇ. ವಾಷಿಂಗ್ಟನ್ ರಾಜ್ಯದ ಕರಾವಳಿಯಲ್ಲಿ ಮಕಾ ಬುಡಕಟ್ಟಿನವರಿಗೆ ಸೇರಿದ ಟಟೂಶ್ ಎಂಬ ನಡುಗಡ್ಡೆಯ ಬಂಡೆಗಳಲ್ಲಿ ಅವರು ಕಲ್ಲುಪಾಚಿಯ ತುಣುಕುಗಳನ್ನು ಎಬ್ಬಿಸಿ, ಅಂಟಿನಲ್ಲಿ ಪಕ್ಕಪಕ್ಕ ಕೂರಿಸಿ, ಯಾವುದು ಯಾವುದರ ಮೇಲೆ ಹತ್ತುತ್ತದೆ ಎಂದು ಗಮನಿಸಿದರು.

1984ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು. ಮೇಯುವ ಜೀವಿಗಳನ್ನು, ಅಂದರೆ ಬಂಡೆಗೆ ಅಂಟಿ ಬದುಕುವ ಚಿಪ್ಪುಜೀವಿಗಳಾದ ಟೋಪಿಯಾಕಾರದ ಲಿಂಪೆಟ್‌ಗಳನ್ನೂ ಕೈಟನ್‌ಗಳನ್ನೂ, ದೂರವಿಟ್ಟರೆ ದಪ್ಪ ಅಂಚಿನ ಒಂದು ಜಾತಿಯೇ ಗೆಲ್ಲುತ್ತಿತ್ತು. ಮೇಲಿದ್ದವನು ಇನ್ನೂ ಮೇಲೆ, ಕೆಳಗಿದ್ದವನು ಇನ್ನೂ ಕೆಳಗೆ. ಮೇಯುವವರನ್ನು ಬಿಟ್ಟಾಗ ಲೆಕ್ಕ ತಪ್ಪಿತು. ದಪ್ಪ ಅಂಚನ್ನು ಅವು ಕಡಿದು ತೆಳುವಾಗಿಸಿದ್ದರಿಂದ ಗೆಲ್ಲಬೇಕಾದದ್ದು ಕೆಲವೊಮ್ಮೆ ಸೋತಿತು, ಸೋಲಬೇಕಾದದ್ದು ಉಳಿದುಕೊಂಡಿತು. ಎಲ್ಲರಿಗೂ ಅಷ್ಟಿಷ್ಟು ಜಾಗ ಸಿಕ್ಕಿದ್ದು ಹೀಗೆ. ಯಾರು ಬಲಶಾಲಿ ಎಂಬುದು ಹುಟ್ಟಿನಿಂದಲೇ ನಿಶ್ಚಯವಾದದ್ದಲ್ಲ, ಸುತ್ತ ಯಾರಿದ್ದಾರೆ ಎಂಬುದರ ಮೇಲೆ ಹೋಗುತ್ತದೆ. ಲಕ್ಷದ್ವೀಪದ ಚರ್ಚೆಯಲ್ಲಿ ಹೆಚ್ಚಿನವರು ಮರೆಯುವ ಮಾತು ಇದು.

ಸುಮಾರು ಮೂರು ದಶಕ ಕಳೆದ ಮೇಲೆ ಸೋಫಿ ಮೆಕಾಯ್ ಮತ್ತು ಕ್ಯಾಥರೀನ್ ಫಿಸ್ಟರ್ ಅದೇ ಬಂಡೆಗಳಲ್ಲಿ ಅದೇ ಪ್ರಯೋಗ ಮಾಡಿದರು. 2014ರಲ್ಲಿ ಪ್ರಕಟವಾದ ಅವರ ವರದಿಯಲ್ಲಿ ಹಳೆಯ ಯಜಮಾನನ ಬಲ ಕುಗ್ಗಿತ್ತು. ಮೇಯುವವರು ಇದ್ದರೂ ಇಲ್ಲದಿದ್ದರೂ ಹಿಂದಿನಷ್ಟು ವ್ಯತ್ಯಾಸ ಬೀಳುತ್ತಿರಲಿಲ್ಲ. ಆ ಜಾತಿಯ ಹಳೆಯ ಮಾದರಿಗಳ ಜತೆ ಹೊಸದನ್ನು ಹೋಲಿಸಿದಾಗ ಅಂಚಿನ ದಪ್ಪ ಸುಮಾರು ಅರ್ಧಕ್ಕಿಳಿದಿತ್ತು. ನಡುವೆ ಬದಲಾದದ್ದು ಏನು? ನೀರೇ ಬದಲಾಗಿತ್ತು, ಮುಖ್ಯ ಅನುಮಾನ ಅದರ ಮೇಲೆಯೇ.

ಹುಳಿಯಾಗುತ್ತಿರುವ ನೀರು

ಮನುಷ್ಯರು ಉಗುಳುವ ಇಂಗಾಲದ ಡೈಆಕ್ಸೈಡಿನಲ್ಲಿ ಸುಮಾರು ಕಾಲು ಭಾಗ ಸಮುದ್ರಕ್ಕೆ ಸೇರುತ್ತದೆ. ನೀರಿನಲ್ಲಿ ಅದು ಆಮ್ಲವಾಗುತ್ತದೆ. ಕೈಗಾರಿಕಾ ಯುಗಕ್ಕೂ ಮೊದಲು ಸುಮಾರು 8.2 ಇದ್ದ ಸಮುದ್ರದ ಮೇಲ್ನೀರಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಈಗ ಸುಮಾರು 8.1. ಅಂಕಿ ಚಿಕ್ಕದಾಗಿ ಕಂಡರೂ ಆ ಮಾಪನದ ರೀತಿಯಿಂದಾಗಿ ಆಮ್ಲತೆ ಶೇ. 30ರ ಹತ್ತಿರ ಏರಿದಂತೆ.

ಸುಣ್ಣಕ್ಕೂ ಹುಳಿಗೂ ಆಗಿಬರುವುದಿಲ್ಲ. ಮೊಟ್ಟೆಯ ಸಿಪ್ಪೆಯ ಮೇಲೆ ಲಿಂಬೆರಸ ಬಿದ್ದರೆ ನೊರೆ ಏಳುವುದು ಅದಕ್ಕೇ. ಸಮುದ್ರ ಅಷ್ಟು ಹುಳಿಯಾಗಿಲ್ಲ, ಆಗುವುದೂ ಇಲ್ಲ. ಆದರೆ ಸುಣ್ಣ ಕಟ್ಟುವ ಖರ್ಚು ಏರುತ್ತದೆ. ಕಲ್ಲುಪಾಚಿಯ ಸುಣ್ಣದಲ್ಲಿ ಮೆಗ್ನೀಸಿಯಂ ಹೆಚ್ಚು. ಕಡಲಜೀವಿಗಳು ಕಟ್ಟುವ ಸುಣ್ಣಗಳಲ್ಲಿ ಬೇಗ ಕರಗುವ ಬಗೆ ಅದು. ಹಾಗಾಗಿ ಹೊಡೆತ ಬೀಳುವವರ ಸಾಲಿನಲ್ಲಿ ಇದು ಮುಂದಿದೆ. ಅದೇ ದಪ್ಪದ ಅಂಚು ಕಟ್ಟಲು ಹೆಚ್ಚು ಶಕ್ತಿ ಬೇಕಾದಾಗ ಅಂಚು ತೆಳುವಾಗುತ್ತದೆ, ತೆಳು ಅಂಚು ಇನ್ನೊಬ್ಬರ ಮೇಲೆ ಹತ್ತಲಾರದು. ಸಾಯದೆಯೂ ಸೋಲಬಹುದು ಎಂಬುದಕ್ಕೆ ಟಟೂಶ್ ಉದಾಹರಣೆ.

ನಮ್ಮ ಕರಾವಳಿಯಲ್ಲಿ ಮಳೆಗಾಲಕ್ಕೆ ಆಳದ ತಣ್ಣೀರು ಮೇಲೆ ಬರುತ್ತದೆ. ಬೂತಾಯಿಗೂ ಬಂಗುಡೆಗೂ ಆಹಾರ ಹುಟ್ಟಿಸುವ ನೀರು ಅದು. ಅದೇ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಹೆಚ್ಚು. ಮಂಜೇಶ್ವರದಿಂದ ಬೇಕಲದವರೆಗಿನ ಬಂಡೆಗಳಲ್ಲಿ ಸುಣ್ಣ ಕಟ್ಟಿ ಬದುಕುವ ಜೀವಿಗಳಿಗೆ ಹುಳಿನೀರು ವರ್ಷವರ್ಷದ ಅತಿಥಿ. ಅದರ ಮೇಲೆ ಹೊಸ ಹುಳಿ ಸೇರುತ್ತಿದೆ.

ಮೇಯುವವರು ಇಲ್ಲದಿದ್ದರೆ

ದನ ಮೇಯಲು ಬಿಡುತ್ತಿದ್ದ ಗುಡ್ಡೆಗೆ ದನ ಹೋಗುವುದು ನಿಂತರೆ ಏನಾಗುತ್ತದೆ ಎಂದು ಮಂಜೇಶ್ವರ, ಕುಂಬಳೆ, ಬದಿಯಡ್ಕದ ಯಾರನ್ನು ಕೇಳಿದರೂ ಹೇಳುತ್ತಾರೆ. ಎರಡು ಮಳೆಗಾಲದಲ್ಲಿ ಕಮ್ಯುನಿಸ್ಟ್ ಗಿಡ ಆಳೆತ್ತರಕ್ಕೆ ಬಂದು ಮುಳಿಹುಲ್ಲನ್ನು ಮುಚ್ಚುತ್ತದೆ. ಕಡಲತಳದಲ್ಲಿ ದನದ ಕೆಲಸ ಗಿಳಿಮೀನು (ಪ್ಯಾರಟ್ ಫಿಶ್), ಮುಳ್ಳುಚೆಂಡು (ಸೀ ಅರ್ಚಿನ್), ಲಿಂಪೆಟ್‌ಗಳದ್ದು. ಅವು ಮೆತ್ತನೆಯ ಪಾಚಿಯನ್ನು ಕೆರೆದು ತಿನ್ನುವಾಗ ಕಲ್ಲುಪಾಚಿಯ ಮೇಲ್ಪದರವೂ ಹೋಗುತ್ತದೆ. ಆದರೆ ಕಲ್ಲುಪಾಚಿ ಬೆಳೆಯುವ ಕೋಶಗಳು ಮೇಲ್ಪದರದ ಕೆಳಗಿರುತ್ತವೆ. ಮೇದ ಗರಿಕೆ ಬುಡದಿಂದ ಚಿಗುರುವಂತೆ ಅದು ಮತ್ತೆ ಬೆಳೆಯುತ್ತದೆ. ತನ್ನ ಮೇಲ್ಪದರವನ್ನು ತಾನಾಗಿಯೇ ಕಳಚಿ, ಮೈಮೇಲೆ ಕೂತವರನ್ನು ಉದುರಿಸುವ ಜಾತಿಗಳೂ ಇವೆ. ತಿನ್ನುವವರು ಇದ್ದಷ್ಟೂ ಗಾರೆಗೆ ಲಾಭ.

ಮೇಯುವವರು ಹೋದರೆ ಏನಾಗುತ್ತದೆ ಎಂಬುದನ್ನು ಜಮೈಕಾ ಕಲಿಸಿತು, ದುಬಾರಿ ಬೆಲೆಗೆ. ಅಲ್ಲಿ ಗಿಳಿಮೀನುಗಳನ್ನು ಮೊದಲೇ ಅತಿಯಾಗಿ ಹಿಡಿದಿದ್ದರು. ಪಾಚಿ ತಿನ್ನುವ ಕೆಲಸವೆಲ್ಲ ಉದ್ದಮುಳ್ಳಿನ ಒಂದು ಕರಿಯ ಮುಳ್ಳುಚೆಂಡಿನ ಮೇಲೆ ಬಿದ್ದಿತ್ತು. 1980ರ ಅಲೆನ್ ಚಂಡಮಾರುತ ಹವಳವನ್ನು ಮುರಿಯಿತು. 1983–84ರಲ್ಲಿ ರೋಗ ಬಂದು ಮುಳ್ಳುಚೆಂಡುಗಳು ಶೇ. 90ಕ್ಕೂ ಹೆಚ್ಚು ಸತ್ತವು. ಆ ಬಳಿಕ ಎಲೆಪಾಚಿ ಶೇ. 4ರಿಂದ 92ಕ್ಕೆ ಏರಿತು, ಹವಳ ಶೇ. 50ರ ಆಸುಪಾಸಿನಿಂದ ಶೇ. 5ಕ್ಕಿಂತ ಕೆಳಗಿಳಿಯಿತು.

ಮಾರ್ಕ್ ಮತ್ತು ಡಯಾನ್ ಲಿಟ್ಲರ್ ದಂಪತಿ 1984ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟಿದ್ದರು. ನೀರು ಶುದ್ಧವಿದ್ದು ಮೇಯುವವರೂ ಇದ್ದರೆ ಹವಳ ಗೆಲ್ಲುತ್ತದೆ. ನೀರಿಗೆ ಗೊಬ್ಬರ, ಕೊಳಚೆ ಸೇರಿದರೂ ಮೇಯುವವರು ಸಾಕಷ್ಟಿದ್ದರೆ ಕಲ್ಲುಪಾಚಿ ಉಳಿಯುತ್ತದೆ. ನೀರು ಶುದ್ಧವಿದ್ದು ಮೇಯುವವರು ಇಲ್ಲದಿದ್ದರೆ ಕುರುಚಲು ಪಾಚಿ. ಎರಡೂ ಕೆಟ್ಟರೆ ಎಲೆಪಾಚಿ. ಎಲ್ಲ ಕಡಲಿಗೂ ಇದು ಹಾಗೆಯೇ ಒಪ್ಪುವುದಿಲ್ಲ, ವಿಜ್ಞಾನಿಗಳಲ್ಲಿ ವಾದವೂ ಇದೆ. ಆದರೂ ದ್ವೀಪದ ಶೌಚಗುಂಡಿಯ ನೀರು ಮತ್ತು ಗಿಳಿಮೀನಿನ ಬೇಟೆ ಎರಡನ್ನೂ ಒಟ್ಟಿಗೆ ನೋಡಬೇಕು ಎಂಬ ಬುದ್ಧಿಯನ್ನು ಈ ಸೂತ್ರ ಕೊಡುತ್ತದೆ.

ಗುಲಾಬಿ ಕಂಡರೆ ಸಾಲದು

ಗುಲಾಬಿ ಪದರ ಕಂಡ ಕೂಡಲೇ ಚೇತರಿಕೆ ಎಂದು ಸಂಭ್ರಮಿಸುವುದೂ ತಪ್ಪಾಗುತ್ತದೆ. ಆಸ್ಟ್ರೇಲಿಯಾದ ಹವಳದ ಮರಿಗಳ ಮೇಲೆ 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮರಿಗಳು ಟೈಟನೋಡರ್ಮಾ ಎಂಬ ಕಲ್ಲುಪಾಚಿಯನ್ನು ಆಯ್ದುಕೊಂಡವು, ಅಲ್ಲಿ ಕೂತವು ಹೆಚ್ಚು ಬದುಕಿದವು. ಬೇರೆ ಕೆಲವು ಜಾತಿಗಳ ಮೇಲೆ ಕೂತ ಮರಿಗಳು, ಪದರ ಕಳಚಿದಾಗ ಅದರ ಜತೆಗೇ ಉದುರಿದವು, ಇಲ್ಲವೇ ಪಾಚಿಯ ಅಡಿ ಹೂತುಹೋದವು. ಸಂಕಟವೆಂದರೆ, ಮರಿಗೆ ಪ್ರಿಯವಾದ ಈ ಟೈಟನೋಡರ್ಮಾ ತೆಳುವಾದದ್ದು, ಜಾಗದ ಜಗಳದಲ್ಲಿ ದುರ್ಬಲ. ಕೆರಿಬಿಯನ್‌ನಲ್ಲಂತೂ ರಾಮಿಕ್ರಸ್ಟಾ ಎಂಬ ಇನ್ನೊಂದು ಕೆಂಪು ಪದರ ಹಬ್ಬುತ್ತಿದೆ. ನೋಡಲು ಕಲ್ಲುಪಾಚಿಯ ಅಣ್ಣತಮ್ಮನಂತೆ, ಗುಣದಲ್ಲಿ ಬೇರೆಯೇ: ಜೀವಂತ ಹವಳದ ಮೇಲೂ ಕಲ್ಲುಪಾಚಿಯ ಮೇಲೂ ಹತ್ತುತ್ತದೆ. ಫೋಟೊ ನೋಡಿ ಕಡಲತಳದ ಆರೋಗ್ಯ ಹೇಳುವವರ ಮಾತನ್ನು ನಂಬಬಾರದು.

ಯಾರ ವಾದ ಏನು

ಹವಳ ತಾನಾಗಿಯೇ ಚೇತರಿಸಿಕೊಳ್ಳುತ್ತದೆ, ಗಾಬರಿ ಬೇಡ ಎನ್ನುವವರಿದ್ದಾರೆ. 1998ರ ಹೊಡೆತದ ಬಳಿಕ ಲಕ್ಷದ್ವೀಪದ ಕೆಲವು ಜಾಗಗಳಲ್ಲಿ ಹವಳ ಮತ್ತೆ ಬೆಳೆದದ್ದು ನಿಜ. ಆದರೆ ಆರಂಭದಲ್ಲಿ ಹೇಳಿದ ಲಕ್ಷದ್ವೀಪದ ಅಧ್ಯಯನವೇ ಒಂದು ಷರತ್ತನ್ನೂ ಹೇಳಿದೆ: ಸತತ ಆರು ವರ್ಷ ಬಿಳಿಚದೆ ಉಳಿದರೆ ಮಾತ್ರ ಚೇತರಿಕೆ ವೇಗ ಪಡೆಯುತ್ತದೆ. ದೊಡ್ಡ ಬಿಳಿಚುವಿಕೆ ಬಂದದ್ದು 1998, 2010, 2016 ಮತ್ತು 2024ರಲ್ಲಿ. ಮೊದಲ ಬಿಡುವು 12 ವರ್ಷ, ಎರಡನೆಯದು 6, ಮೂರನೆಯದು 8. ಓಟ ಶುರುವಾಗುವ ಹೊತ್ತಿಗೇ ಮತ್ತೆ ಕಾಲಿಗೆ ಪೆಟ್ಟು. ಇನ್ನೊಂದನ್ನೂ ಗಮನಿಸಬೇಕು. ಶೇ. 19 ಎಂಬುದು 2022ರ ಅಳತೆ, 2024ರ ಪೆಟ್ಟಿಗೂ ಹಿಂದಿನದು. 2023ರ ಅಕ್ಟೋಬರ್ ಕೊನೆಯಿಂದಲೇ ಲಕ್ಷದ್ವೀಪದ ನೀರು ಕಾದಿತ್ತು ಎಂದು ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಹೇಳಿದೆ. 2024ರ ಏಪ್ರಿಲ್‌ನಲ್ಲಿ ಘೋಷಣೆಯಾದ ನಾಲ್ಕನೆಯ ಜಾಗತಿಕ ಬಿಳಿಚುವಿಕೆ ಮರುವರ್ಷದ ವಸಂತದ ಹೊತ್ತಿಗೆ ಪ್ರಪಂಚದ ಹವಳ ಪ್ರದೇಶದ ಶೇ. 84ನ್ನು ಮುಟ್ಟಿತ್ತು.

ಇನ್ನು ಎಲ್ಲ ಮುಗಿಯಿತು ಎನ್ನುವವರು. ಬಿಸಿನೀರಿನ ಹವಳಗಳು ಹಿಂದಿರುಗಲಾಗದ ಗೆರೆ ದಾಟುತ್ತಿವೆ ಎಂದು 2025ರ ಅಕ್ಟೋಬರ್‌ನಲ್ಲಿ ಬಂದ ಅಂತಾರಾಷ್ಟ್ರೀಯ ವರದಿ ಇವರ ಆಧಾರ. ಆ ಎಚ್ಚರಿಕೆ ಗಂಭೀರವಾದದ್ದೇ. ಆದರೆ ಎಲ್ಲ ಕಡೆ ಒಂದೇ ಹೊತ್ತಿಗೆ, ಒಂದೇ ರೀತಿ ಕುಸಿಯುತ್ತದೆ ಎಂದು ಅದರ ಅರ್ಥವಲ್ಲ. ಮುಂಗಾರಿನ ಅಲೆಗೆ ಎದೆಯೊಡ್ಡುವ ಪಡುವಣ ದಂಡೆಗೂ ಮರೆಯಲ್ಲಿರುವ ಮೂಡಣ ದಂಡೆಗೂ, ಆಳಕ್ಕೂ ತೆಳುನೀರಿಗೂ ಫಲ ಬೇರೆ ಬೇರೆ. ಮುಗಿಯಿತು ಎಂದು ಕೈಚೆಲ್ಲಿದರೆ ಗಿಳಿಮೀನನ್ನು ಉಳಿಸುವ ಚಿಕ್ಕ ಕೆಲಸಕ್ಕೂ ಮನಸ್ಸು ಬರುವುದಿಲ್ಲ.

ಮೂರನೆಯ ಗುಂಪು ಕಾಂಕ್ರೀಟ್ ಇಳಿಸೋಣ ಎನ್ನುತ್ತದೆ. ಕೇರಳದಲ್ಲಿ ಮತ್ಸ್ಯ ಸಂಪದ ಯೋಜನೆಯಡಿ ತಿರುವನಂತಪುರದ ಕಡಲಿಗೆ ಕಾಂಕ್ರೀಟ್ ಅಚ್ಚುಗಳನ್ನು ಇಳಿಸಿದ್ದನ್ನು ಸುದ್ದಿಯಲ್ಲಿ 'ಕೃತಕ ಹವಳದಿಬ್ಬ' ಎಂದು ಬರೆದರು. ಹೆಸರು ದಾರಿ ತಪ್ಪಿಸುತ್ತದೆ. ಅದು ಮೀನು ಸೇರಲು ಮಾಡಿದ ಮನೆ, ಆ ಕೆಲಸಕ್ಕೆ ಉಪಯೋಗವೂ ಉಂಟು. ಉಪ್ಪಳದಲ್ಲೋ ತೃಕ್ಕನ್ನಾಡಿನಲ್ಲೋ ಕೊರೆತ ತಡೆಯಲು ಹಾಕಿದ ಕಗ್ಗಲ್ಲಿನಂತೆ ಅದೂ ಬರಿಯ ಜಾಗ. ಆ ಜಾಗ ಯಾರದ್ದಾಗುತ್ತದೆ ಎಂಬುದನ್ನು ನೀರು ಮತ್ತು ಮೇಯುವವರು ನಿರ್ಧರಿಸುತ್ತಾರೆ, ಸಿಮೆಂಟ್ ಅಲ್ಲ.

ದ್ವೀಪದ ಮೀನುಗಾರರ ಮಾತು ಇವೆಲ್ಲಕ್ಕಿಂತ ಬೇರೆ. ಅವರ ಹಿರಿಯರು ಗಾಳ ಮತ್ತು ಕೋಲಿನಿಂದ ಸೂರೆಮೀನು (ಟ್ಯೂನಾ) ಹಿಡಿದರು. ಹವಳದಿಬ್ಬದ ಮೀನಿನ ಮೇಲೆ ಭಾರ ಬೀಳದಿದ್ದುದು ಅದರಿಂದಲೇ, ಲಕ್ಷದ್ವೀಪದ ಹವಳ ಇಷ್ಟಾದರೂ ತಾಳಿಕೊಂಡದ್ದಕ್ಕೆ ಅದೂ ಒಂದು ಕಾರಣ. ಈಗ ದಿಬ್ಬದ ಮೀನಿಗೆ ಹೊರಗಿನ ಮಾರುಕಟ್ಟೆ ತೆರೆದಿದೆ. ಬೆಲೆ ಬರುವಾಗ ಹಿಡಿಯಬೇಡಿ ಎಂದರೆ ನಷ್ಟ ಯಾರು ತುಂಬುತ್ತಾರೆ ಎಂಬ ಅವರ ಪ್ರಶ್ನೆ ನ್ಯಾಯವಾದದ್ದು. ನೀರು ಬಿಸಿಯಾಗುವುದಕ್ಕೂ ಹುಳಿಯಾಗುವುದಕ್ಕೂ ಕಡಮತ್‌ನ ಮೀನುಗಾರ ಕಾರಣನಲ್ಲ. ಆದರೆ ಈ ಮೂರು ಕಾರಣಗಳಲ್ಲಿ ಸ್ಥಳೀಯವಾಗಿ ಕೈಗೆಟಕುವುದು ಮೇಯುವ ಮೀನೊಂದೇ. ಪರಿಹಾರದ ಹಣ ಕೊಟ್ಟು, ದ್ವೀಪದವರನ್ನೇ ಮುಂದಿಟ್ಟುಕೊಂಡು ಗಿಳಿಮೀನಿನ ಬೇಟೆಗೆ ಮಿತಿ ಹಾಕುವುದೇ ಸರಿಯಾದ ದಾರಿ ಎಂದು ಈ ಲೇಖಕನ ಅಭಿಪ್ರಾಯ.

ಗಾರೆ ಬಿಟ್ಟ ಗೋಡೆ

ಕಲ್ಲುಪಾಚಿ ಸೋತು ಕುರುಚಲು ಪಾಚಿ ಗೆದ್ದರೆ ಪರಿಣಾಮ ಒಂದರ ಬೆನ್ನಿಗೊಂದು ಬರುತ್ತದೆ. ಹವಳದ ಮರಿಗೆ ಕರೆ ಇಲ್ಲ, ಹಾಗಾಗಿ ಹೊಸ ಹವಳ ಇಲ್ಲ. ಸತ್ತ ಹವಳವನ್ನು ಬೆಸೆಯುವವರು ಇಲ್ಲ, ಹಾಗಾಗಿ ಮುಂಗಾರಿನ ಅಲೆಗೆ ತುಂಡುಗಳು ಉರುಳುತ್ತವೆ. ಉರುಳುವ ಕಲ್ಲಿನ ಮೇಲೆ ಮತ್ತೆ ಯಾವ ಮರಿಯೂ ನಿಲ್ಲದು. ಅಂಚಿನ ಗೋಡೆ ತಗ್ಗಿದರೆ ಅಲೆ ಒಳಗಿನ ತೆಳುನೀರಿನ ಲಗೂನಿಗೆ ಜೋರಾಗಿ ನುಗ್ಗುತ್ತದೆ. ದ್ವೀಪಗಳ ಮರಳು ಹವಳ, ಕಲ್ಲುಪಾಚಿ, ಚಿಪ್ಪುಗಳ ಪುಡಿಯಿಂದಲೇ ಆದದ್ದು. ಮಾಡುವವರು ಕಡಿಮೆಯಾಗಿ ಒಯ್ಯುವ ಅಲೆ ಹೆಚ್ಚಾದರೆ ದಂಡೆ ಸವೆಯುತ್ತದೆ. ಬಂಗಾರಂ ಸಮೀಪದ ಪರಳಿ–1 ಎಂಬ ಜನವಸತಿಯಿಲ್ಲದ ನಡುಗಡ್ಡೆ ಸವೆದು ಇಲ್ಲವಾದದ್ದು 2017ರಲ್ಲಿ ಸುದ್ದಿಯಾಗಿತ್ತು. ಅದಕ್ಕೆ ಕಲ್ಲುಪಾಚಿಯೊಂದೇ ಕಾರಣ ಎನ್ನಲಾಗದು, ಆದರೆ ತಗ್ಗಿನ ದ್ವೀಪ ಎಷ್ಟು ಬೇಗ ಹೋಗಬಲ್ಲದು ಎಂಬುದು ಅದರಿಂದ ಗೊತ್ತಾಗುತ್ತದೆ. ಸೂರೆಮೀನಿಗೆ ಎರೆಯಾಗುವ ಚಿಕ್ಕ ಮೀನುಗಳೂ ಈ ಲಗೂನು, ದಿಬ್ಬಗಳ ಆಸರೆಯಲ್ಲೇ ಇವೆ.

2024ರಿಂದ ಆರು ವರ್ಷ ಎಣಿಸಿದರೆ 2030. ಆ ತನಕ ನೀರು ಮತ್ತೆ ಅಷ್ಟು ಕಾಯದಿದ್ದರೆ ಅಳೆಯಲು ಹೋಗುವವರು ಹುಡುಕುವುದು ದೊಡ್ಡ ಹವಳವನ್ನಲ್ಲ. ಗುಲಾಬಿ ಪದರದ ಮೇಲೆ ಉಗುರಿನಷ್ಟು ಅಗಲದ ಹೊಸ ಹವಳ ಎಷ್ಟು ಕೂತಿದೆ, ಅದರ ಸುತ್ತ ಗಿಳಿಮೀನಿನ ಹಲ್ಲಿನ ಗುರುತು ಇದೆಯೋ ಇಲ್ಲವೋ ಎಂಬುದನ್ನು.